ಅಳಿಯನ ಕೈಹೊಲಿಗೆ

ಕುಲಶೇಖರ, ಮಂಗಳೂರು
೧೧ ಫೆಬ್ರವರಿ ೨೦೨೫

ಪ್ರೀತಿಯ ಅಳಿಯ ಶೋಭಿತನಿಗೆ ಮಾವನ ಆಶೀರ್ವಾದಗಳು.

ತರಬೇತಿಗೆಂದು ಹೋದ ದೆಹಲಿಯಿಂದ ಈ ವಾರ ನೀನು ಎಷ್ಟೋ ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಬೇಸರ ಮಾಡಬೇಡ. ಫೋನಿನಲ್ಲಿ ನನ್ನ ಸ್ವರ ಏರುತ್ತದೆ. ಸ್ವರ ಏರಿಸಬಾರದೆಂದು ಡಾಕ್ಟರನಾಗಿ ಹೇಳಿದವನೂ ನೀನೇ. ಹಾಗಾಗಿ ತಡವಾದರೂ ಪತ್ರ.

ನಾನು ಆರಾಮ. ಹೋಟೆಲಿಗೆ ಹೋಗಿ ಗಲ್ಲಾದಲ್ಲಿ ಕೂರುತ್ತೇನೆ. ಬೇರೆಯವರಿಗೆ ಬೈಪಾಸ್ ಎಂದರೆ ಎದೆಯ ನಡುವೆ ಉದ್ದ ಸೀಳು, ನನಗೆ ಪಕ್ಕೆಯಲ್ಲಿ ಒಂದು ಗೀರು ಮಾತ್ರ. ಬಂದ ಗಿರಾಕಿಗಳಿಗೆಲ್ಲ ಅಂಗಿ ಎತ್ತಿ ತೋರಿಸಿ, "ಒಳಗಿನದ್ದು ನಮ್ಮ ಶೋಭಿತನ ಕೈಹೊಲಿಗೆ ಮಾರಾಯ್ರೆ" ಎಂದು ಹೇಳಿದ್ದೇ ಹೇಳಿದ್ದು. "ಮೀನು ಊಟಕ್ಕೆ ಬಂದವರಿಗೆ ಎದೆ ತೋರಿಸುವುದೆಂತಕ್ಕೆ?" ಎಂದು ನಿನ್ನ ಅತ್ತೆ ಬೈಯುತ್ತಿದ್ದಳು.

ಕಳೆದ ವಾರ ತಪಾಸಣೆಗೆ ಹೋದೆ. ನೀನಿಲ್ಲದ್ದರಿಂದ ಡಾಕ್ಟರ್ ಬ್ರೆಂಡಾ ಸ್ಕ್ಯಾನ್ ನೋಡಿದರು. "ಕನೆಕ್ಟರ್ ಚಂದ ಕೂತಿದೆ ಅಂಕಲ್. ರಕ್ತ ಸರಿ ಹೋಗ್ತಾ ಉಂಟು" ಎಂದರು. ಎಂತ ಕನೆಕ್ಟರ್ ಎಂದು ಕೇಳಿದೆ. ನೀನು ಚಿತ್ರ ತೋರಿಸಿದ್ದ, ನಾನು ಬೇಡವೆಂದಿದ್ದ ಅದೇ ಲೋಹದ ಕ್ಲಿಪ್ಪು! ಹೊಸ ರಕ್ತನಾಳವನ್ನು ಹಳೆಯದಕ್ಕೆ ಅದೇ ಕಚ್ಚಿ ಹಿಡಿದಿದೆಯಂತೆ. ಹೊಲಿಗೆಯೇ ಇಲ್ಲವಂತೆ.

ಮನೆಗೆ ಬಂದು ನಿನ್ನ ಅಮ್ಮನನ್ನು ಕೇಳಿದೆ. ವಿನೋದಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಷ್ಟು ಸಣ್ಣ ಸಂದಿಯಲ್ಲಿ ಕೈಯಿಂದ ಹೊಲಿಯುವುದು ಕಷ್ಟ ಅಂತೆ ಅಣ್ಣ. ನೀವು ಒಪ್ಪುವುದಿಲ್ಲ, ತಡ ಮಾಡಿದ್ರೆ ಜೀವಕ್ಕೆ ಅಪಾಯ ಅಂತ ಅವನು ಹೇಳಲಿಲ್ಲ" ಎಂದಳು. ಒಡಹುಟ್ಟಿದ ತಂಗಿಗೂ ಗೊತ್ತಿತ್ತು!

ಹೌದು, ಕೈಯಿಂದಲೇ ಹೊಲಿಯಬೇಕೆಂದು ಹಠ ಮಾಡಿದ್ದೆ. ಆದರೆ "ಆಯ್ತು ಮಾವ, ನಾನೇ ಹೊಲಿತೇನೆ" ಎಂದು ನನ್ನ ಕೈ ಹಿಡಿದು ಹೇಳಿದವನು ನೀನು. ಆ ಮಾತಿನ ಮೇಲೆ ಒಪ್ಪಿಗೆ ಪತ್ರವನ್ನು ಓದದೆ ಸಹಿ ಹಾಕಿದೆ. ಇದು ಮೋಸ, ಶೋಭಿತ್. ಬೇರೆ ಹೆಸರು ನನಗೆ ಗೊತ್ತಿಲ್ಲ.

ಜೀವ ಉಳಿಸಿದ್ದೀಯ, ಮರೆತಿಲ್ಲ. ಅಲ್ಲಿ ಚಳಿಯಂತೆ, ಸ್ವೆಟರ್ ಹಾಕದೆ ತಿರುಗಬೇಡ. ನಿನ್ನ ಕೈಗೆ ದೇವರು ಬಲ ಕೊಡಲಿ.

ಇತಿ ನಿನ್ನ ಮಾವ,
ಮಹಾಬಲ

ಮತ್ತೊಂದು ಮಾತು: ಕ್ಲಿಪ್ಪನ್ನಾದರೂ ಸಹಿಸಿಕೊಂಡೇನು. ಆದರೆ ನಮ್ಮ ಹಿರಿಯರ ತರವಾಡು ಮನೆಯಲ್ಲಿ ದೈವಕ್ಕೆ ತಂಬಿಲದ ಪೂಜೆ ಕೊಟ್ಟ ದಿನ, ಕುಟುಂಬದವರೆಲ್ಲರ ಎದುರು, ಯಜಮಾನನಾಗಿ ನಾನು ದೈವಕ್ಕೆ ಕೈಮುಗಿದು, "ಅಳಿಯನ ಕೈಯಿಂದಲೇ ಹೊಲಿಸಿ ನನ್ನನ್ನು ಉಳಿಸಿದೆ" ಎಂದು ಹೇಳಿಕೊಂಡೆ. ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ, ಕೈಮುಗಿದುಕೊಂಡು, ಸುಮ್ಮನೆ. ನಮ್ಮ ಅಳಿಯಕಟ್ಟಿನ ಪ್ರಕಾರ ನನ್ನ ನಂತರ ಯಜಮಾನನಾಗಿ ಅಲ್ಲಿ ನಿಂತು ಮನೆಯವರ ಪರವಾಗಿ ಮಾತಾಡಬೇಕಾದವನು ತಂಗಿಯ ಮಗನಾದ ನೀನು. ನನ್ನ ಬಾಯಿಂದ ದೈವಕ್ಕೆ ಸುಳ್ಳು ಹೇಳಿಸಿದವನಿಗೆ ಆ ಜಾಗವನ್ನು ಹೇಗೆ ಬಿಟ್ಟುಕೊಡಲಿ?