ಒರಿಜಿನಲ್ ಫೋಟೋ

ಜನವರಿ 9, ಶುಕ್ರವಾರ

ಇವತ್ತೂ ಅದೇ ಜಗಳ. ಗಿರಾಕಿ ಬರುತ್ತಾರೆ, ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಮಸುಕು ಫೋಟೋ ಕೊಡುತ್ತಾರೆ, ಆಳೆತ್ತರದ ಫ್ಲೆಕ್ಸ್ ಬೇಕು ಅನ್ನುತ್ತಾರೆ. ದೊಡ್ಡದು ಮಾಡಿದರೆ ಮುಖ ಒಡೆಯುತ್ತದೆ. "ಒರಿಜಿನಲ್ ಕೊಡಿ, ಡಾಕ್ಯುಮೆಂಟ್ ಮಾಡಿ ಕಳ್ಸಿ, ಆಗ ಒಡೆಯಲ್ಲ" — ಸವಳಂಗ ರಸ್ತೆಯ ಈ ಪ್ರಿಂಟಿಂಗ್ ಅಂಗಡಿಗೆ ಸೇರಿದಾಗಿನಿಂದ ಇದೇ ನನ್ನ ಮಂತ್ರ.

ಈಗ ಅಣ್ಣನೂ ಅದೇ ಸಾಲಿಗೆ. ದುಷ್ಯಂತ್ — ಸೇನೆಯಲ್ಲಿ ರೇಡಿಯೋ, ವೈರ್‌ಲೆಸ್ ನೋಡಿಕೊಳ್ಳುವವನು. ಫೆಬ್ರವರಿ 22ಕ್ಕೆ ಮದುವೆ. ಲಗ್ನಪತ್ರಿಕೆ, ಆಹ್ವಾನದ ವಿಡಿಯೋ ಎಲ್ಲ ನನ್ನದೇ ಡಿಸೈನ್. ಕಳಿಸಿದ ಫೋಟೋ ನೋಡಿದರೆ ಮಂಜು ಮಂಜು. ಫೋನಿನಲ್ಲೇ ಬೈದೆ.

"ಆಯ್ತು ಮಾರಾಯ್ತಿ, ನೀನು ಹೇಳ್ದಂಗೇ ಕಳಿಸ್ತೀನಿ. ಹಿಂದೆ ಇರೋದನ್ನೆಲ್ಲ ಕತ್ತರಿಸು. ನನ್ನ ಮುಖ ಮಾತ್ರ. ಆಮೇಲೆ ಡಿಲೀಟ್ ಮಾಡ್ಬಿಡು."

ಅಮ್ಮ ಪಕ್ಕದಿಂದ — "ಎಲ್ಲಿದ್ದೀಯೋ ಈಗ?"

"ಇಲ್ಲೇ ಇದ್ದೀನಮ್ಮ."

ಯಾವಾಗಲೂ ಇದೇ ಉತ್ತರ. ಯಾವ ಊರೋ, ಯಾವ ಬೆಟ್ಟವೋ... ಅವನಿಗೆ ಎಲ್ಲವೂ ಇಲ್ಲೇ. ಕೇಳುವುದು ನಾವೂ ಬಿಟ್ಟಿಲ್ಲ.

ಜನವರಿ 15, ಸಂಕ್ರಾಂತಿ

ವಿಡಿಯೋ ಇನ್‌ಸ್ಟಾಗ್ರಾಮಿಗೆ ಹಾಕಿದೆ. ಅಣ್ಣನ ಹೆಸರಿನ ಕೆಳಗೆ ‘ಭಾರತೀಯ ಸೇನೆ’. ಹುಡುಗಿ ಮಂಜುಶ್ರೀ ಹೆಸರಿನ ಕೆಳಗೆ ‘ಎಂ.ಎಸ್ಸಿ., ಬಿ.ಎಡ್.’ ಮೂಲೆಯಲ್ಲಿ ಅಂಗಡಿಯ ಹೆಸರು, ನನ್ನ ನಂಬರ್. ಗೋಪಾಳದ ನಮ್ಮ ಬೀದಿಯಲ್ಲಿ ಅರ್ಧ ಜನ ಸ್ಟೇಟಸ್‌ಗೆ ಹಾಕಿಕೊಂಡಿದ್ದಾರೆ. ಎಳ್ಳು ಬೀರಲು ಹೋದ ಮನೆಯಲ್ಲೆಲ್ಲ ಅದೇ ಮಾತು. ನನಗೆ ಕೊಂಬು ಬಂದಿದೆ.

ಒರಿಜಿನಲ್ ಡಿಲೀಟ್ ಮಾಡಿಲ್ಲ. ಚೌಟ್ರಿ ಮುಂದಿನ ಫ್ಲೆಕ್ಸಿಗೆ ಬೇಕಲ್ಲ.

ಜನವರಿ 19

ಸೇನೆಯ ಪ್ರಚಾರ ವಿಭಾಗದಿಂದ ಫೋನ್! ವೈಶಾಲಿ ಅಂತೆ. ಚೊಕ್ಕ ಕನ್ನಡ. ಸೈನಿಕರ ಕುಟುಂಬಗಳ ಬಗ್ಗೆ ಪತ್ರಿಕೆ ತರುತ್ತಾರಂತೆ, ಅಣ್ಣನಿಗೂ ಒಂದು ಪುಟ. ವಿಡಿಯೋವನ್ನು ಬಾಯಿ ತುಂಬಾ ಹೊಗಳಿದರು. ಮಾತಿನ ನಡುವೆ ಅಮ್ಮನ ಮಂಡಿನೋವಿನ ವಿಷಯ ಬಂತು, ಅದನ್ನೂ ವಿಚಾರಿಸಿದರು.

"ವಿಡಿಯೋದಿಂದ ತೆಗೆದ್ರೆ ಫೋಟೋ ಒಡೆಯುತ್ತೆ ಅನುಷಾ, ನಿಮಗೆ ಗೊತ್ತಲ್ಲ. ಒರಿಜಿನಲ್ ಇದ್ರೆ ಡಾಕ್ಯುಮೆಂಟ್ ಮಾಡಿ ಕಳಿಸ್ತೀರಾ? ಅಣ್ಣನಿಗೆ ಹೇಳ್ಬೇಡಿ, ಸರ್ಪ್ರೈಸ್ ಆಗಿರಲಿ."

ಇಷ್ಟು ವರ್ಷದಲ್ಲಿ ನನ್ನ ಮಾತನ್ನು ನಾನು ಹೇಳುವ ಮೊದಲೇ ಹೇಳಿದವರು ಇವರೊಬ್ಬರೇ. ತಕ್ಷಣ ಕಳಿಸಿದೆ.

ಫೆಬ್ರವರಿ 3

ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಅಣ್ಣ. ಊಟ ಆಯ್ತಾ ಅನ್ನಲಿಲ್ಲ.

"ಆ ಫೋಟೋ ಯಾರಿಗೆ ಕಳಿಸ್ದೆ?"

ಹೇಳಿದೆ. ಸರ್ಪ್ರೈಸ್ ಎಂದೂ ಹೇಳಿದೆ, ದಡ್ಡಿ.

"ಅದು ಎಲ್ಲೆಲ್ಲಿಗೋ ಹೋಗಿದೆ ಅನು. ಆಫೀಸರ್ ನನ್ನ ಕರೆಸಿದ್ರು. ಕತ್ತರಿಸು ಅಂದಿದ್ನಲ್ಲೇ."

"ಕಾರ್ಡಿಗೆ ಕತ್ತರಿಸಿದ್ದೆ ಕಣಣ್ಣ... ಅವರು ಒರಿಜಿನಲ್ ಕೇಳಿದ್ರು..."

ಇಟ್ಟುಬಿಟ್ಟ. ತಿರುಗಿ ಮಾಡಿದರೆ ಸ್ವಿಚ್ ಆಫ್.

ಫೆಬ್ರವರಿ 5

ಇಬ್ಬರು ಬಂದಿದ್ದರು. ಒಬ್ಬರು ಸೈಬರ್ ಪೊಲೀಸ್, ಇನ್ನೊಬ್ಬರು ಸೇನೆಯವರು. ವೈಶಾಲಿ ಎಂಬ ಹೆಸರಿನವರು ಸೇನೆಯ ಯಾವ ವಿಭಾಗದಿಂದಲೂ ಫೋನ್ ಮಾಡಿಲ್ಲವಂತೆ. ಆ ನಂಬರ್ ಈಗ ಇಲ್ಲ. ನನ್ನ ಫೋನ್ ತೆಗೆದುಕೊಂಡು ಹೋದರು.

ಪೊಲೀಸರು ಮೆತ್ತಗೇ ಹೇಳಿದರು. "ಬರೀ ಫೋಟೋ ಆಗಿ ಕಳಿಸಿದ್ರೆ ಅದ್ರೊಳಗಿರೋ ಜಾಗದ ಗುರುತು ಅಳಿಸಿಹೋಗುತ್ತಮ್ಮ. ಡಾಕ್ಯುಮೆಂಟ್ ಮಾಡಿದ್ರೆ ಅದೂ ಜೊತೆಗೇ ಹೋಗುತ್ತೆ. ಎಲ್ಲಿ ತೆಗ್ದಿದ್ದು ಅಂತ ಮ್ಯಾಪಲ್ಲೇ ನೋಡ್ಬಹುದು."

ಅಣ್ಣನ ಬೆನ್ನ ಹಿಂದೆ ಆಂಟೆನಾ ಹೊತ್ತ ಗಾಡಿಗಳಿದ್ದವು. ಮದುವೆ ಫೋಟೋದ ಹಿಂದಿನ ಕುರ್ಚಿ ಅಳಿಸುವ ಹಾಗೆ ಕಾರ್ಡಿನಲ್ಲಿ ಅವನ್ನು ಅಳಿಸಿದ್ದೆ, ಏನೆಂದು ನೋಡಲೂ ಇಲ್ಲ. ಹೆತ್ತ ತಾಯಿಗೆ ಹೇಳದ ಜಾಗವನ್ನು ನಾನು ಯಾರಿಗೋ ಕೈಯಾರೆ ಕೊಟ್ಟೆ. ಅಲ್ಲಿ ಅವನ ಜೊತೆ ಇನ್ನೆಷ್ಟು ಮನೆಯ ಮಕ್ಕಳಿದ್ದಾರೋ.

ಅಣ್ಣನ ಮೇಲೆ ವಿಚಾರಣೆ. ರಜೆ ರದ್ದು.

ಫೆಬ್ರವರಿ 8, ಭಾನುವಾರ

ಅಮ್ಮನ ಜೊತೆ ಭದ್ರಾವತಿಗೆ. ಮದುವೆ ಮುಂದೆ ಹೋಯಿತು ಎಂದು ಎದುರಿಗೇ ಹೇಳಬೇಕಲ್ಲ. ಮಂಜುಶ್ರೀಯ ಅಪ್ಪ ಕೃಷ್ಣಪ್ಪನವರು ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಮನೆಗೆ ಸುಣ್ಣ ಬಳಿಸುತ್ತಿದ್ದರು. ಅಮ್ಮ "ರಜ ಸಿಗ್ಲಿಲ್ಲ" ಎಂದಳು, ತಲೆ ಎತ್ತಲಿಲ್ಲ.

"ಗಡಿ ಕಾಯೋರ್ಗೆ ರಜ ಅಂದ್ರೆ ಸುಮ್ನೇನಾ ತಾಯಿ? ನಾವು ಕಾಯ್ತೀವಿ ಬಿಡಿ" ಎಂದರು. ನನಗೆ ಬೈದಿದ್ದರೆ ಚೆನ್ನಾಗಿತ್ತು.

ಬಸ್ ಸ್ಟಾಂಡಿನವರೆಗೆ ಮಂಜುಶ್ರೀ ಬಂದಳು. "ನನ್ನ ಮೆಸೇಜಿಗೂ ಉತ್ತರ ಇಲ್ಲ ಅನುಷಾ. ನನ್ಮೇಲೆ ಏನಾದ್ರೂ ಬೇಜಾರಾ ಅವ್ರಿಗೆ?"

ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಬಸ್ ಹತ್ತಿ ಕಿಟಕಿಯಿಂದ ಕೈ ಬೀಸಿದೆ. ಅವಳು ಬೀಸಲಿಲ್ಲ.

ಫೆಬ್ರವರಿ 16

ಗಿರಾಕಿ ಮಸುಕು ಫೋಟೋ ತಂದ. ಜಗಳ ಆಡಲಿಲ್ಲ, ಹಾಗೇ ಪ್ರಿಂಟ್ ಹಾಕಿದೆ. ಮಾಲೀಕ ಜಯಕುಮಾರ್ ನೋಡಿ, "ಏನಮ್ಮಾ ಇದು, ಮುಖ ಚಿತ್ರಾನ್ನ ಆಗಿದೆ" ಎಂದರು.

ಫೆಬ್ರವರಿ 22, ಭಾನುವಾರ, ಸಂಜೆ

ಇಷ್ಟು ಹೊತ್ತಿಗೆ ಆರತಕ್ಷತೆ ನಡೆಯುತ್ತಿರಬೇಕಿತ್ತು. ಅಮ್ಮ ಬೆಳಗಿನಿಂದ ಹೊಸ ಸೀರೆಯ ಗಂಟು ಬಿಚ್ಚುವುದು, ಕಟ್ಟುವುದು.

ಆಗ ಅಮ್ಮನ ಕೀಪ್ಯಾಡ್ ಫೋನಿಗೆ ಅಣ್ಣ. ವಿಚಾರಣೆ ಮುಗಿದಿಲ್ಲ. ರೇಡಿಯೋ ಕೆಲಸದಿಂದ ತೆಗೆದು ಸಾಮಾನಿನ ಸ್ಟೋರಿಗೆ ಹಾಕಿದ್ದಾರಂತೆ. ಒರಿಜಿನಲ್ ಕಳಿಸಿದ್ದು ತನ್ನದೇ ತಪ್ಪು, ತಂಗಿಗೆ ಏನೂ ಗೊತ್ತಿರಲಿಲ್ಲ ಎಂದು ಹೇಳಿಕೆ ಕೊಟ್ಟಿದ್ದಾನಂತೆ. ಆಮೇಲೆ, "ಅನು ಇದಾಳಾ? ಕೊಡಮ್ಮ."

ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿದ್ದೆ. ತಪ್ಪಾಯ್ತು, ನನ್ನ ಬೈಯಣ್ಣ, ಮಾತು ಬಿಡಬೇಡ... ಬಾಯಿಗೆ ಬಂದದ್ದು ಬೇರೆ.

"ಅಣ್ಣಾ, ಎಲ್ಲಿದ್ದೀಯ?"

ಉಸಿರು ಮಾತ್ರ ಕೇಳುತ್ತಿತ್ತು. ‘ಇಲ್ಲೇ’ ಅನ್ನಲಿಲ್ಲ.

"ಇಡ್ತೀನಿ ಅನುಷಾ."

ಏನಂದ, ಏನಂದ ಎಂದು ಅಮ್ಮ ಕೇಳುತ್ತಲೇ ಇದ್ದಾಳೆ. ಜಾಗ ಬಿಟ್ಟುಕೊಟ್ಟವಳೇ ಮತ್ತೆ ಜಾಗ ಕೇಳಿದೆ. ಹೇಗಿದ್ದೀಯ ಅಂತ ಕೇಳಬೇಕಿತ್ತು. ಅಷ್ಟೇ ತಾನೇ. ಇನ್ನೊಂದು ಸಲ ಅವನೇ ಮಾಡಿದರೆ, ಮೊದಲು ಅದನ್ನೇ ಕೇಳಬೇಕು.