ಒಳಗಿನ ಚಿಲಕಕ್ಕೆ ಉದ್ದ ಸ್ಕ್ರೂ

ಹದಿನಾಲ್ಕನೇ ತಾರೀಖು, ಭಾನುವಾರ

ನನ್ನ ಮುದ್ದು ಮಗಳಿಗೆ,

ಅಮ್ಮನ ಆಶೀರ್ವಾದಗಳು. ನೀನೂ ಅಳಿಯಂದಿರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ನಿನ್ನ ಮೂಗಿನ ತುದಿಯ ಕೋಪ ನನಗೆ ಗೊತ್ತಿಲ್ಲದ್ದೇ? ಹೊಲಿಗೆ ಮೆಷಿನ್ನು ಎತ್ತಿಡಲು ಹೋಗಿ ಬಲಗೈ ಮಣಿಕಟ್ಟು ಉಳುಕಿತ್ತು ಕಣೇ. ಈಗಲೂ ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿ ಬರುತ್ತಿದೆ, ಬೈದುಕೊಳ್ಳದೆ ಓದು. ಫೋನು ಮಾಡಬಹುದಿತ್ತು. ಆದರೆ ನನ್ನ ದನಿ ಕೇಳಿದ ಕೂಡಲೇ ನೀನು ಇಲ್ಲದ್ದನ್ನೆಲ್ಲ ಊಹಿಸಿಕೊಂಡು ಗಂಡನ ನಿದ್ದೆಯನ್ನೂ ಕೆಡಿಸುತ್ತೀಯ.

ತಮ್ಮ ಹೇಗಿದ್ದಾನೆ ಎಂದು ನೀನು ಕೇಳಿದ್ದೆ. ಅಟ್ಟಣಿಗೆಯಿಂದ ಬಿದ್ದಾಗ ತಲೆಗೆ ಹಾಕಿದ್ದ ಹೊಲಿಗೆ ಬಿಚ್ಚಿದರು. ಗಾಯ ಮಾಗಿದೆ. ಬೋಳಿಸಿದ್ದ ಕಡೆ ಕೂದಲು ನೆಟ್ಟಗೆ ನಿಂತು ಮುಳ್ಳುಹಂದಿಯ ಹಾಗೆ ಕಾಣುತ್ತಾನೆ, ಹಾಗೆಂದರೆ ನಗುತ್ತಾನೆ. ಮರಗೆಲಸಕ್ಕೆ ಇನ್ನೂ ಹೋಗುತ್ತಿಲ್ಲ. ಉಳಿ, ಸ್ಕ್ರೂಡ್ರೈವರುಗಳನ್ನು ದಿನಾ ಪೆಟ್ಟಿಗೆಯಿಂದ ತೆಗೆದು ಒರೆಸಿ ಮತ್ತೆ ಒಳಗಿಡುತ್ತಾನೆ. ಸ್ವಲ್ಪ ಸ್ವಲ್ಪ ನಡೆದು ಬರಲಿ ಎಂದು ಡಾಕ್ಟರು ಹೇಳಿದ್ದಾರೆ. ಈಗ ಅದಕ್ಕೇ ಹೋಗಿದ್ದಾನೆ, ನಾನು ಬರೆಯಲು ಕೂತಿದ್ದೇನೆ.

ಒಂದು ವಿಷಯ ಹೇಳಬೇಕು. ನೀನು ಹೆದರಬೇಡ, ಹೆದರುವ ಕೆಲಸವನ್ನೆಲ್ಲ ನಾನೇ ವಹಿಸಿಕೊಂಡಿದ್ದೇನೆ. ನಮ್ಮ ಬೀದಿಯಲ್ಲಿ ಕಳ್ಳರ ಕಾಟ ಶುರುವಾಗಿದೆಯಂತೆ. ಮೆಷಿನ್ನು ತುಳಿಯುತ್ತಾ ತುಳಿಯುತ್ತಾ ಇದ್ದಕ್ಕಿದ್ದಂತೆ ನಿಲ್ಲಿಸಿ ಕಿವಿಗೊಡುತ್ತೇನೆ. ಗೇಟು ಕಿರ್ರೆಂದರೆ ಸಾಕು, ಜೀವ ಬಾಯಿಗೆ ಬರುತ್ತದೆ. ಮೊನ್ನೆ ಒಂದು ಕುಪ್ಪಸದ ಎರಡೂ ತೋಳನ್ನು ಒಂದೇ ಕಡೆಗೆ ಹೊಲಿದಿಟ್ಟಿದ್ದೆ. ಅದನ್ನು ಹೊಲಿಯಲು ಕೊಟ್ಟವರು ನನ್ನನ್ನೇ ಅಳತೆ ತೆಗೆಯುವ ಹಾಗೆ ನೋಡಿದರು. ಸಾಕಪ್ಪಾ ಈ ಅವಸ್ಥೆ, ಹೊಲಿಗೆ ಕೋಣೆಯ ಬಾಗಿಲಿಗೆ ಒಳಗಿನಿಂದ ಒಂದು ಚಿಲಕ ಹಾಕಿಕೊಂಡು ಕೂರೋಣ ಎಂದುಕೊಂಡೆ.

ಬಡಗಿಯ ಹೆಂಡತಿಯಾಗಿದ್ದೆ, ಬಡಗಿಯ ತಾಯಿಯಾದೆ, ಆದರೂ ಒಂದು ಸ್ಕ್ರೂ ಕೊಂಡವಳಲ್ಲ ನಾನು. ನಿನ್ನ ತಮ್ಮ ಯಾವಾಗಲೂ ಹೋಗುವ ಅಂಗಡಿಗೆ ಹೋಗಲಿಲ್ಲ. ಬಸ್ ನಿಲ್ದಾಣದ ಹಿಂದೆ ಇನ್ನೊಂದಿದೆ. ಅಲ್ಲಿ ಗಲ್ಲಾದಲ್ಲಿ ಕೂತವಳೂ ಹೆಂಗಸೇ, ನನ್ನ ವಯಸ್ಸಿನವಳು. ಕನ್ನಡಕಕ್ಕೆ ದಾರ ಕಟ್ಟಿಕೊಂಡು ಕೊರಳಿಗೆ ನೇತುಹಾಕಿಕೊಂಡಿದ್ದಳು. ಗೋಡೆಯ ತುಂಬ ಸಣ್ಣ ಸಣ್ಣ ಡಬ್ಬಿ, ಪ್ರತಿ ಡಬ್ಬಿಯ ಮುಖಕ್ಕೂ ಒಳಗಿರುವುದರ ಒಂದೊಂದು ಮಾದರಿ ಅಂಟಿಸಿತ್ತು. ನನ್ನ ಗುಂಡಿಯ ಪೆಟ್ಟಿಗೆಯ ಹಾಗೇ ಇದೆ ಎನ್ನಿಸಿ ಒಂದು ಕ್ಷಣ ಧೈರ್ಯ ಬಂತು. ಕಪ್ಪಗೆ, ಚೂಪಾಗಿ, ಬಲು ಗಟ್ಟಿಯಾಗಿ ಕಂಡ ಒಂದನ್ನು ತೋರಿಸಿ ಇದನ್ನೇ ಕೊಡಿ ಎಂದೆ.

"ಅದು ಬೇಡಮ್ಮ," ಎಂದಳು. "ಅದು ಸೀಲಿಂಗ್ ಬೋರ್ಡಿಗೆ ಹಾಕೋದು. ನೋಡೋಕೆ ಜಬರ್ದಸ್ತಾಗಿರತ್ತೆ, ಆದ್ರೆ ಬಗ್ಗೋಕೆ ಬರಲ್ಲ. ಜೋರಾಗಿ ಪೆಟ್ಟು ಬಿದ್ರೆ ಪಟ್ ಅಂತ ತಲೆ ಹಾರಿಹೋಗತ್ತೆ. ಯಾವುದಕ್ಕೆ ಬೇಕಾಗಿತ್ತು?"

ಹೇಳಿದೆ. ಚಿಲಕದ ಕೊಂಡಿ ಕೂರಬೇಕಾದ ಚೌಕಟ್ಟು ಬಾಗಿಲಿಗಿಂತ ಸ್ವಲ್ಪ ತಗ್ಗಿನಲ್ಲಿದೆ, ನಡುವೆ ಒಂದು ಮರದ ಪಟ್ಟಿ ಸೇರಿಸಬೇಕು ಎಂದೂ ಹೇಳಿದೆ.

"ಹಾಗಾದ್ರೆ ಎಲ್ಲಾ ಭಾರ ಆ ಪಟ್ಟಿ ಮೇಲೇನೇ. ಸ್ಕ್ರೂ ಪಟ್ಟಿ ದಾಟಿ ಚೌಕಟ್ಟಿನೊಳಗೆ ಚೆನ್ನಾಗಿ ಇಳೀಬೇಕು. ಚಿಲಕದ ಜೊತೆ ಕೊಡೋ ಗಿಡ್ಡ ಸ್ಕ್ರೂ ಎಲ್ಲಾ ಬರೀ ಲೆಕ್ಕಕ್ಕೆ. ಕಳ್ಳರ ಕಾಟಾನಾ?"

"ಹೂಂ."

"ಕಳ್ಳ ಬರೋದು ಬೀದಿ ಬಾಗಿಲಿಂದ ಅಲ್ವೇನಮ್ಮಾ?"

ಗಿರಾಕಿಗಳ ಬಟ್ಟೆಯೆಲ್ಲ ಒಳಕೋಣೆಯಲ್ಲೇ ಇರುತ್ತದೆ ಎಂದು ಏನೋ ಒಂದು ಹೇಳಿದೆ. ಅವಳು ನನ್ನ ಮಣಿಕಟ್ಟಿಗೆ ಸುತ್ತಿದ್ದ ಬಟ್ಟೆಯನ್ನು ನೋಡಿದಳು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅವಳು ತೂಕಕ್ಕೆ ಹಾಕಿದ್ದ ಸ್ಕ್ರೂಗಳನ್ನು ವಾಪಸು ಡಬ್ಬಿಗೆ ಸುರಿದು, ಅವಕ್ಕಿಂತ ಉದ್ದದವನ್ನು ತೆಗೆದಳು. ಮೇಲರ್ಧ ನುಣ್ಣಗೆ, ಕೆಳಗರ್ಧ ಸುರುಳಿ. "ಒಳಗಿಂದ ಹಾಕ್ಕೊಳ್ಳೋ ಚಿಲಕಕ್ಕೆ ಅಂತ ತುಂಬಾ ಜನ ಬರ್ತಾರಮ್ಮ," ಎಂದಳು, ಅಷ್ಟೇ.

ಸ್ಕ್ರೂಡ್ರೈವರುಗಳನ್ನು ಸಾಲಾಗಿ ಇಟ್ಟು, ಒಂದೊಂದರ ತುದಿಯನ್ನೂ ಸ್ಕ್ರೂವಿನ ತಲೆಯಲ್ಲಿ ಕೂರಿಸಿ ತೋರಿಸಿದಳು. ಸಣ್ಣದು ಒಳಗೇ ಅಲ್ಲಾಡುತ್ತದೆ, ದೊಡ್ಡದು ಕೂರುವುದೇ ಇಲ್ಲ. ಸರಿಯಾದದ್ದು ಕೂತರೆ ಸ್ಕ್ರೂ ಕೆಳಕ್ಕೆ ಬೀಳದೆ ನಿಲ್ಲುತ್ತದೆ. ಮೊದಲು ತೂತು ಕೊರೆದುಕೊಳ್ಳಿ, ಸುರುಳಿಗೆ ಸೋಪು ಸವರಿ, ಎಂದಳು. ಕೊಡುವಾಗ ಹಿಡಿಯನ್ನು ನನ್ನ ಕಡೆ ಮಾಡಿ ಕೊಟ್ಟಳು. ನಿನ್ನಪ್ಪ ನಿಮ್ಮಿಬ್ಬರಿಗೂ ಅದನ್ನೇ ತಲೆಗೆ ಮೊಟಕಿ ಕಲಿಸಿದ್ದರಲ್ಲ, ಚೂಪು ನಮ್ಮ ಕಡೆ, ಹಿಡಿ ಎದುರಿನವರ ಕಡೆ ಎಂದು. ನೆನಪಾಗಿ ಕಣ್ಣು ತುಂಬಿತು.

ನಿನ್ನ ತಮ್ಮ ಹೊರಗೆ ಹೋದಾಗ ಕೆಲಸ ಶುರುಮಾಡಿದೆ. ಅವನ ಡ್ರಿಲ್ ಮುಟ್ಟುವ ಧೈರ್ಯವಾಗಲಿಲ್ಲ, ಮೊಳೆಯಲ್ಲೇ ತೂತು ಮಾಡಿದೆ. ನೋವಿರುವ ಕೈಯಲ್ಲಿ ತಿರುಗಿಸುವುದು, ಕಿಟಕಿಯಿಂದ ಗೇಟು ನೋಡುವುದು, ಮತ್ತೆ ತಿರುಗಿಸುವುದು. ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ಸ್ಕ್ರೂಡ್ರೈವರು ತಲೆಯಿಂದ ಜಾರಿ ಜಾರಿ ಹೋಗುತ್ತಿತ್ತು. ಗಟ್ಟಿಯಾಗಲಿ ಎಂದು, ದಪ್ಪ ಬಟ್ಟೆಗೆ ಹತ್ತಿರ ಹತ್ತಿರ ಹೊಲಿಗೆ ಹಾಕುತ್ತೇನಲ್ಲ, ಹಾಗೆ ಪಟ್ಟಿಯ ಉದ್ದಕ್ಕೂ ಒಂದೇ ಗೆರೆಯಲ್ಲಿ ಒತ್ತೊತ್ತಾಗಿ ಸ್ಕ್ರೂ ಇಳಿಸಿದೆ. ಕೊನೆಯದನ್ನು ತಿರುಗಿಸುವಾಗ ಟಿಕ್ ಎಂದು ಸಣ್ಣ ಸದ್ದಾಯಿತು. ನೋಡಿದರೆ ಕೂದಲೆಳೆಯಷ್ಟು ಬಿರುಕು, ಸ್ಕ್ರೂವಿನಿಂದ ಸ್ಕ್ರೂವಿಗೆ. ಅದರ ಮೇಲೆ ಮೇಣ ತಿಕ್ಕಿದ್ದೇನೆ, ಕಾಣುವುದಿಲ್ಲ. ತಡೆಯುತ್ತದೆ ಎಂದುಕೊಂಡಿದ್ದೇನೆ. ತಡೆಯಲಿಲ್ಲವೆಂದರೆ ಏನು ಗತಿ ಎಂದು ಮಾತ್ರ ಯೋಚಿಸಲು ಹೋಗುವುದಿಲ್ಲ.

ಇದೆಲ್ಲ ಓದಿ ನೀನು ಓಡಿ ಬರಬೇಕಾಗಿಲ್ಲ. ಕಳ್ಳರು ಇವತ್ತಿದ್ದು ನಾಳೆ ಹೋಗುತ್ತಾರೆ. ಅಳಿಯಂದಿರಿಗೆ ಅಂಗಿ ಹೊಲಿದಿಟ್ಟಿದ್ದೇನೆ, ಹೊಟ್ಟೆಯ ಹತ್ತಿರ ಸ್ವಲ್ಪ ಸಡಿಲ ಬಿಟ್ಟಿದ್ದೇನೆ ಎಂದು ಅವರಿಗೆ ಹೇಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಸುಖವಾಗಿರಿ, ನಿಮ್ಮ ಮನೆಯ ಬಾಗಿಲುಗಳೆಲ್ಲ ತೆರೆದೇ ಇರಲಿ.

ನಿನ್ನ
ಅಮ್ಮ

ಮತ್ತೆ ಬರೆದದ್ದು, ಅದೇ ದಿನ ಮಧ್ಯಾಹ್ನ:

ಕಳ್ಳರು ಯಾರೂ ಇಲ್ಲ ಕಣೇ. ನನಗೆ ನಿನ್ನ ತಮ್ಮನ ಭಯ.

ಪೆಟ್ಟು ಬಿದ್ದ ಮೇಲೆ ಒಮ್ಮೊಮ್ಮೆ ಅವನು ಅವನಾಗಿರುವುದಿಲ್ಲ. ಟೀ ಆರಿದೆ ಎಂದು ಲೋಟ ಎಸೆದ, ಎತ್ತಿಕೊಳ್ಳಲು ಬಗ್ಗಿದವಳ ಕೈ ಹಿಡಿದು ತಿರುಚಿದ. ನನ್ನನ್ನು ನೋಡುತ್ತಿದ್ದ ಆ ಕಣ್ಣಿನಲ್ಲಿ ನಾನು ಯಾರೆಂಬ ಗುರುತೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬಂದು, "ಅಯ್ಯೋ, ಕೈಗೇನಾಯ್ತಮ್ಮ?" ಎಂದು ಕೇಳಿ ತಾನೇ ಎಣ್ಣೆ ಹಚ್ಚಿದ. ಮೆಷಿನ್ನು ಎತ್ತಲು ಹೋಗಿದ್ದೆ ಎಂದು ಅವನಿಗೂ ಅದನ್ನೇ ಹೇಳಿದ್ದೆ.

ಮೇಲಿನದನ್ನು ಬರೆದು ಮುಗಿಸುವಷ್ಟರಲ್ಲಿ ಗೇಟು ಕಿರ್ರೆಂದಿತು. ನಾನು ಒಳಗೆ ಚಿಲಕ ಹಾಕಿಕೊಂಡಿದ್ದೆ. ಅವನಿಗೆ ಗೊತ್ತಿಲ್ಲ. ಬಾಗಿಲು ಅಂಟಿಕೊಂಡಿದೆ ಎಂದುಕೊಂಡು ಸುಮ್ಮನೆ ಭುಜ ಕೊಟ್ಟ, ಅಷ್ಟೇ. ಪಟ್ಟಿ ಉದ್ದಕ್ಕೆ ಸೀಳಿ ಕೊಂಡಿ ನನ್ನ ಕಾಲ ಬಳಿ ಬಿತ್ತು. ನಾನು ಕತ್ತರಿ ಹಿಡಿದು ಗೋಡೆಗಂಟಿ ನಿಂತಿದ್ದೆ. ಹೌದು, ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಕತ್ತರಿ ಹಿಡಿದು ನಿಂತಿದ್ದೆ.

ಅವನು ಸೀಳಿದ ಮರ ನೋಡಿದ. ಸಾಲಾಗಿದ್ದ ಸ್ಕ್ರೂ ನೋಡಿದ. ನನ್ನ ಮಣಿಕಟ್ಟು ನೋಡಿದ. ಅವನು ಅವನೇ ಆಗಿದ್ದ.

"ಇದು ನನಗೋಸ್ಕರಾನಾ ಅಮ್ಮ?"

"ಕಳ್ಳರಿಗೆ ಕಣೋ," ಎಂದೆ.

ಅವನು ಹೋಗಿ ಪೆಟ್ಟಿಗೆ ತಂದ. ನನ್ನ ಸ್ಕ್ರೂಗಳನ್ನೆಲ್ಲ ಬಿಚ್ಚಿದ. ಹಳೆಯ ತೂತುಗಳಿಗೆ ಅಂಟು ಹಚ್ಚಿ ಕಡ್ಡಿ ತುಂಬಿದ. ಬೇರೆ ಪಟ್ಟಿ ತಂದು, ಹೊಸ ಜಾಗದಲ್ಲಿ ಡ್ರಿಲ್ಲಿನಿಂದ ಕೊರೆದು, ಒಂದು ಸ್ಕ್ರೂ ಆ ಅಂಚಿಗೆ, ಒಂದು ಈ ಅಂಚಿಗೆ, ದೂರ ದೂರ ಹಾಕಿದ. "ಒಂದೇ ಗೆರೇಲಿ ಹಾಕಬಾರದಮ್ಮ, ಮರ ಸೀಳತ್ತೆ. ಇದು ಬಟ್ಟೆ ಅಲ್ಲ," ಎಂದ. ಸ್ಕ್ರೂ ಚೆನ್ನಾಗಿರೋದೇ ತಂದಿದೀಯ ಎಂದೂ ಹೊಗಳಿದ. ಆಮೇಲೆ ಹೊರಗೆ ಹೋಗಿ, "ಚಿಲಕ ಹಾಕ್ಕೋ," ಎಂದ.

ಹಾಕಿಕೊಂಡೆ. ಅವನು ಹೊರಗಿನಿಂದ ಗುದ್ದಿದ. ಮೈಯೆಲ್ಲಾ ಬಲ ಹಾಕಿ ಮತ್ತೆ ಗುದ್ದಿದ. ಒಂದೊಂದು ಗುದ್ದಿಗೂ ನಾನು ಸತ್ತು ಬದುಕಿದೆ. ಪಟ್ಟಿ ಕದಲಲಿಲ್ಲ.

"ಈಗ ನನ್ನ ಕೈಲೂ ಆಗಲ್ಲಮ್ಮ," ಎಂದ. ಕೆಲಸ ಅಚ್ಚುಕಟ್ಟಾಗಿ ಮುಗಿದಾಗ ನಿನ್ನಪ್ಪನ ದನಿಯಲ್ಲಿ ಒಂದು ಖುಷಿ ಇರುತ್ತಿತ್ತಲ್ಲ, ಅದೇ ಖುಷಿ ಇತ್ತು.

ಆಮೇಲೆ ಅಂಗಳದ ಕಡೆಯಿಂದ ಸುತ್ತಿ ಬಂದು ಕಿಟಕಿಯ ಹತ್ತಿರ ನಿಂತ. ಸರಳುಗಳ ನಡುವಿನಿಂದ ಉಳಿಯನ್ನೂ ಸ್ಕ್ರೂಡ್ರೈವರನ್ನೂ ಒಂದೊಂದಾಗಿ ಒಳಗೆ ಚಾಚಿದ, ಚೂಪು ತನ್ನ ಕಡೆ, ಹಿಡಿ ನನ್ನ ಕಡೆ. "ಇವು ನಿನ್ನ ಹತ್ರಾನೇ ಇರ್ಲಿ. ಅಕ್ಕಂಗೆ ಬೇಗ ಬರೋಕೆ ಹೇಳು. ಡಾಕ್ಟರ ಹತ್ರ ನನ್ನನ್ನ ಕರ್ಕೊಂಡು ಹೋಗೋಕೆ ನಿನ್ನೊಬ್ಬಳ ಕೈಲಿ ಆಗಲ್ಲ," ಎಂದ.

ಬೇಗ ಬಾ ಮಗಳೇ. ಅವನು ಬಾಗಿಲ ಆಚೆ ಗೋಡೆಗೊರಗಿ ಕೂತಿದ್ದಾನೆ. ಬೆಳಗಿನಿಂದ ಏನೂ ತಿಂದಿಲ್ಲ. ಅನ್ನ ಬಡಿಸಬೇಕು. ನಾನಿನ್ನೂ ಚಿಲಕ ತೆಗೆದಿಲ್ಲ.