ದೋಣಿಯ ಕಪ್ಪು ಮೀಸೆ

ಅಪ್ಪಾ,

ಆರು ವರ್ಷದ ಮೇಲೆ ಇವತ್ತು ನಮ್ಮೂರು ಮಾರ್ಸಶ್ಲೊಕ್‌ಗೆ ಬಂದು, ಚರ್ಚಿನಿಂದ ದಕ್ಕೆಯವರೆಗೆ ನಡೆದೆ. ನಮ್ಮ ದೋಣಿಯ ಮೂತಿಯ ಮೇಲೆ ಬರೆದ ಕಣ್ಣುಗಳ ಕೆಳಗೆ, ನೀನು ಮೀಸೆ ಎನ್ನುತ್ತಿದ್ದ ಪಟ್ಟಿ ಕಪ್ಪಾಗಿತ್ತು. ಅದು ಮನೆಯಲ್ಲಿ ಸಾವಾದರೆ ಮಾತ್ರ ಬಳಿಯುವ ಬಣ್ಣ. ನೀನೇ ಹೋದೆಯೆಂದುಕೊಂಡೆ.

ಬಲೆ ಹೊಲಿಯುತ್ತಿದ್ದ ಜೂಜಾ ಅಜ್ಜಿಗೆ ನನ್ನ ಗುರುತು ಸಿಗಲಿಲ್ಲ.

"ಯಾರು ತೀರ್ಕೊಂಡ್ರು, ಅಜ್ಜಿ?" ಎಂದೆ.

"ಯಾರೂ ಇಲ್ಲ ಕಣಮ್ಮ. ಮುದುಕ ಗುಂಡುಕಲ್ಲಿನ ಹಾಗವ್ನೆ, ಈಗಷ್ಟೇ ಊಟಕ್ಕೆ ಹೋದ. ಸಿಸಿಲಿಯವನ ಜೊತೆ ಓಡಿಹೋದ ಮಗಳಿಗಂತೆ, ವರ್ಷಾ ವರ್ಷಾ ಬಳೀತಾನೆ. ಬದುಕಿರೋಳಿಗೆ ಯಾಕೋ ಅಂದ್ರೆ ನನ್ನನ್ನೇ ಬಯ್ತಾನೆ."

ಮೀಸೆ ಮುಟ್ಟಿದೆ. ಬಣ್ಣ ಇನ್ನೂ ಹಸಿಯಾಗಿತ್ತು. ಇಪ್ಪತ್ತು ಹೆಜ್ಜೆಯಾಚೆ ನಮ್ಮ ಬಾಗಿಲು ತೆರೆದಿತ್ತು, ಬೆಳ್ಳುಳ್ಳಿ ಹುರಿಯುವ ವಾಸನೆ ಬರುತ್ತಿತ್ತು. ನಾನು ಬಸ್ಸು ಹತ್ತಿದೆ.

ಬೆರಳಿನ ಕಪ್ಪು ಇನ್ನೂ ಹೋಗಿಲ್ಲ, ಅಪ್ಪಾ. ನಾನೂ ಉಜ್ಜಿಲ್ಲ.